ಮಾರ್ಕೆಟಿಂಗ್ ವ್ಯಾಸಂಗವೂ ನಮ್ಮ ಬಾಲಿಕೆಯರೂ

ಕಾಲೇಜು ಸೇರುವ ನಮ್ಮ ಬಾಲಿಕೆಯರು ಮಾರ್ಕೆಟಿಂಗಿನ ಮೂಲತತ್ತ್ವಗಳನ್ನು ವ್ಯಾಸಂಗಕ್ಕೆ ಆರಿಸಿಕೊಂಡರೆ, ‘ಮಾರುವ ವಿದ್ಯೆ ಮನೆತನಸ್ಥರ ಮಕ್ಕಳಿಗೇಕೆ?’ ಎಂದು ಕೆಲವು ತಾಯ್ತಂದೆಗಳು ಶಂಕಿಸುವರು. ಈ ಶಂಕೆಯು ನಿರಾಧಾರವಾದುದು. ಜ್ಞಾನೋಕ್ತಿಗಳ 31ನೆಯ ಅಧ್ಯಾಯದಲ್ಲಿ ವರ್ಣಿತಳಾದ ಗುಣವತಿಯು ತಾನು ಮಾಡಿದ ನಾರಿನ ಬಟ್ಟೆಗಳನ್ನು ಮಾರಿದವಳಲ್ಲವೇ?

1960ರಲ್ಲಿ ಅಮೆರಿಕದ ಜೆರೋಮ್ ಮೆಕಾರ್ಥಿಯವರು ವಸ್ತು, ಬೆಲೆ, ಸ್ಥಳ, ಪ್ರಚಾರವೆಂದು ನಾಲ್ಕು ಅಂಗಗಳನ್ನು ನಿರೂಪಿಸಿದರು. ಪ್ರಚಾರವು ಇವುಗಳಲ್ಲಿ ಒಂದು ಮಾತ್ರ. ಕೊಳ್ಳುವವರ ಅಗತ್ಯವನ್ನರಿಯುವುದೇ ಮೊದಲನೆಯ ಪಾಠ. ಅಂದವಾಗಿ ಹೊಲಿಯಬಲ್ಲ ಎಷ್ಟೋ ಸ್ತ್ರೀಯರು ನೂಲಿನ ವೆಚ್ಚವನ್ನು ಲೆಕ್ಕಿಸಿದರೂ ತಮ್ಮ ದಿನಗೂಲಿಯನ್ನು ಲೆಕ್ಕಿಸದೆ, ದಲ್ಲಾಳಿಯು ಹೇಳಿದ ಬೆಲೆಗೇ ಒಪ್ಪಿಸಿಬಿಡುವರು. ಈ ವಿದ್ಯೆಯನ್ನು ಬಲ್ಲವಳು ಸುಲಭವಾಗಿ ಮೋಸಹೋಗಳು. ದೈವಭಯವುಳ್ಳವಳು ಅದರಿಂದ ಪರರನ್ನು ಮೋಸಗೊಳಿಸಳು. ಎರಡನ್ನೂ ಕಲಿಸೋಣ. ಹೆತ್ತವರು ಸಂತೋಷದಿಂದ ಅನುಮತಿ ಕೊಡಬೇಕೆಂದು ನನ್ನ ವಿನಂತಿ.