ಗ್ಯಾಲಿಯನ್‌ಗೆ ಚಿಲ್ಲರೆ ಕೊಡೋರ್ಯಾರು?

ಹ್ಯಾರಿ ಪಾಟರ್ ಓದಿದವರಿಗೆ ಈ ಲೆಕ್ಕ ಬಾಯಿಪಾಠ. 29 ನಟ್ ಸೇರಿದರೆ ಒಂದು ಸಿಕಲ್, 17 ಸಿಕಲ್ ಸೇರಿದರೆ ಒಂದು ಗ್ಯಾಲಿಯನ್. ಮೊದಲನೇ ಪುಸ್ತಕದಲ್ಲಿ ಆಜಾನುಬಾಹು ಹ್ಯಾಗ್ರಿಡ್ ಇದನ್ನ ಹುಡುಗನಿಗೆ ಹೇಳಿಕೊಟ್ಟು, ಇದರಲ್ಲೇನು ಮಹಾ ಕಷ್ಟ ಅನ್ನೋ ಧಾಟಿಯಲ್ಲಿ ಮುಂದೆ ಹೋಗ್ತಾನೆ. ನಾವು ನಗ್ತೀವಿ. ಯಾಕೆ ನಗು ಅಂತ ಕೇಳಿದರೆ ನಮ್ಮ ಟೀಮಿನ ಪಾಟರ್ ಭಕ್ತರ ಹತ್ತಿರ ಉತ್ತರ ರೆಡಿ ಇದೆ: "ಬ್ರಿಟಿಷರ ಹಳೇ ದುಡ್ಡಿನ ಗೇಲಿ ಮಗಾ ಅದು. 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ಹುಚ್ಚರ ಸಂತೆ!"

ನನ್ನ ತಕರಾರು ಇರೋದು ಈ ನಗುವಿನ ಮೇಲೆ.

ಗೇಲಿ ಮಾಡೋದಕ್ಕೂ ಒಂದು ಲೆಕ್ಕ ಇರಬೇಕಲ್ಲ ಸ್ವಾಮಿ. ಹಳೇ ಪೌಂಡಿನಲ್ಲಿ 240 ಪೆನ್ನಿ. ಶೇಷ ಉಳಿಯದ ಹಾಗೆ 240ನ್ನು ಭಾಗಿಸೋ ಸಂಖ್ಯೆಗಳು 20 ಇವೆ. ನಾವು ಬಹಳ ವೈಜ್ಞಾನಿಕ ಅಂತ ಎದೆ ತಟ್ಟಿಕೊಳ್ಳೋ 100ಕ್ಕೆ ಇರೋದು ಬರೀ 9. ಈಗ ಗ್ಯಾಲಿಯನ್ ನೋಡಿ: 17 × 29 = 493 ನಟ್. 17, 29 ಎರಡೂ ಅವಿಭಾಜ್ಯ ಸಂಖ್ಯೆಗಳು. ಹಾಗಾಗಿ 493ನ್ನು ಭಾಗಿಸೋದು 1, 17, 29 ಮತ್ತು 493, ನಾಲ್ಕೇ ನಾಲ್ಕು. ಪಾಲು ಮಾಡೋಕೆ ಅತ್ಯಂತ ಸಲೀಸಾಗಿದ್ದ ದುಡ್ಡನ್ನ ಅಣಕಿಸೋಕೆ ಹೋಗಿ, ಪಾಲೇ ಆಗದ ದುಡ್ಡನ್ನ ಹುಟ್ಟಿಸಿಟ್ಟಿದ್ದಾರೆ ರೋಲಿಂಗ್ ಮೇಡಂ.

ವೀಸ್ಲಿ ಮನೆಯ ಅವಳಿಗಳನ್ನೇ ತಗೊಳ್ಳಿ. ಫ್ರೆಡ್‌ಗೂ ಜಾರ್ಜ್‌ಗೂ ಸೇರಿ ಒಂದು ಗ್ಯಾಲಿಯನ್ ಸಿಕ್ಕಿತು ಅನ್ನೋಣ. ಒಬ್ಬೊಬ್ಬನಿಗೆ 8 ಸಿಕಲ್ 14 ನಟ್ ಕೊಟ್ಟ ಮೇಲೂ ಒಂದು ನಟ್ ಉಳಿಯುತ್ತೆ. ಅದನ್ನ ಮುರಿಸೋಕೆ ಅದಕ್ಕಿಂತ ಚಿಕ್ಕ ನಾಣ್ಯವೇ ಇಲ್ಲ. ರಾನ್‌ನನ್ನೂ ಸೇರಿಸಿ ಮೂರು ಪಾಲು ಮಾಡಿದರೂ ಒಂದು ನಟ್ ಅನಾಥ. ಆ ಕಥೆಯಲ್ಲಿ ವೀಸ್ಲಿಗಳು ಬಡವರು, ಏಳು ಮಕ್ಕಳ ಮನೆ. ಇದ್ದಿದ್ದನ್ನ ಹಂಚಿಕೊಂಡು ತಿನ್ನೋ ಮನೆಗೇ ಈ ದರಿದ್ರ ನಾಣ್ಯ! ಬ್ಯಾಂಕ್ ಲಾಕರಿನಲ್ಲಿ ಚಿನ್ನದ ಗುಡ್ಡೆ ಇರೋ ಹ್ಯಾರಿಗೇನು, ಅವನು ಗುಣಾಕಾರ ಮಾಡಿಕೊಂಡು ಆರಾಮಾಗಿರ್ತಾನೆ. ಭಾಗಾಕಾರ ಬೇಕಾಗೋದು ಇಲ್ಲದವರಿಗೆ.

"ಮಕ್ಕಳ ಪುಸ್ತಕ, ಮ್ಯಾಜಿಕ್ಕು, ಬಿಟ್ಟಾಕು ಗುರೂ" ಅಂತೀರಿ. ಪುಸ್ತಕ ನನಗೂ ಇಷ್ಟವೇ. ಆದರೆ ಒಂದು ವಿಷಯ ಗಮನಿಸಿ. ಬ್ರಿಟನ್ ಹಳೇ ದುಡ್ಡು ಬಿಟ್ಟು ದಶಮಾಂಶಕ್ಕೆ ಬಂದಿದ್ದು 1971ರ ಫೆಬ್ರವರಿ 15ಕ್ಕೆ. 1965ರಲ್ಲಿ ಹುಟ್ಟಿದ ರೋಲಿಂಗ್‌ಗೆ ಆಗ ಐದು ವರ್ಷ. ಆ ಲೆಕ್ಕದಲ್ಲಿ ಸಂಸಾರ ತೂಗಿಸಿದ ತಲೆಮಾರು ಅವರದ್ದಲ್ಲ. 1892ರಲ್ಲಿ ಹುಟ್ಟಿ 1973ರಲ್ಲಿ ತೀರಿಕೊಂಡ ಟೋಲ್ಕಿನ್ ಹೆಚ್ಚುಕಡಿಮೆ ಇಡೀ ಬದುಕನ್ನ ಶಿಲ್ಲಿಂಗ್ ಪೆನ್ನಿಯಲ್ಲೇ ಕಳೆದವರು. ಅವರ ಕಥೆ ಶುರುವಾಗೋ ಹುಟ್ಟುಹಬ್ಬದಲ್ಲಿ ಬಿಲ್ಬೋಗೆ 111, ಫ್ರೋಡೋಗೆ 33, ಎರಡೂ ಕೂಡಿದರೆ 144. ಒಳಗಿನ ವಿಶೇಷ ಊಟಕ್ಕೆ ಕರೆದದ್ದೂ ಅಷ್ಟೇ ಜನರನ್ನ. 144 ಅಂದರೆ 12 ಡಜನ್, ಒಂದು ಗ್ರೋಸ್. ಬಿಲ್ಬೋ ಭಾಷಣದಲ್ಲಿ ಆ ಪದ ಬಳಸಿದಾಗ, ನಮ್ಮನ್ನ ಅಂಗಡಿ ಸಾಮಾನಿನ ಹಾಗೆ ಎಣಿಸ್ತಾನಲ್ಲ ಅಂತ ನೆಂಟರಿಗೆ ಮುನಿಸು. ಟೋಲ್ಕಿನ್ನರ ಎಲ್ಫ್‌ಗಳಂತೂ ಆರು, ಹನ್ನೆರಡರಲ್ಲೇ ಎಣಿಸೋಕೆ ಇಷ್ಟಪಡೋ ಜನ. ಇಲ್ಲೂ ತಮಾಷೆ ಇದೆ, ಆದರೆ ಹನ್ನೆರಡು ಯಾಕೆ ಒಳ್ಳೇ ಸಂಖ್ಯೆ ಅಂತ ಗೊತ್ತಿರೋನ ತಮಾಷೆ.

ಯಾಕೆ ಒಳ್ಳೇದು? ಒಂದು ಉದಾಹರಣೆ. ಹಳೇ ಇಂಗ್ಲೆಂಡಿನ ಸಂತೆಯಲ್ಲಿ ಮೊಟ್ಟೆ ಡಜನ್ನಿಗೆ 3 ಶಿಲ್ಲಿಂಗ್ ಅಂದರೆ ಒಂದು ಮೊಟ್ಟೆಗೆ 3 ಪೆನ್ನಿ. ಡಜನ್ನಿಗೆ 5 ಶಿಲ್ಲಿಂಗ್ ಆದರೆ ಒಂದಕ್ಕೆ 5 ಪೆನ್ನಿ. ಪೆನ್ನು ಬೇಡ, ಪೇಪರ್ ಬೇಡ, ಇಸ್ಕೂಲೂ ಬೇಡ. ಒಂದಕ್ಕೆ ಎಷ್ಟು ಪೆನ್ನಿಯೋ 240ಕ್ಕೆ ಅಷ್ಟೇ ಪೌಂಡು. ಮೂರು ಜನ ಸೇರಿ ಒಂದು ಪೌಂಡ್ ಖರ್ಚು ಮಾಡಿದರೆ ತಲೆಗೆ 6 ಶಿಲ್ಲಿಂಗ್ 8 ಪೆನ್ನಿ, ಕರೆಕ್ಟಾಗಿ. ಅಲ್ಲಿನ ವಕೀಲರ ಹಳೇ ಕಾಲದ ಫೀಸು ಇಷ್ಟೇ ಇತ್ತು, ಪೌಂಡಿನ ಮೂರನೇ ಒಂದು ಪಾಲು. ನಾವೀಗ 100 ರೂಪಾಯಿ ಬಿಲ್ಲನ್ನ ಮೂರು ಜನ ಹಂಚಿಕೊಳ್ಳೋಕೆ ಆ್ಯಪ್ ಇಟ್ಟುಕೊಂಡಿದ್ದೀವಿ. ಅದರಲ್ಲೂ ಒಬ್ಬನಿಗೆ 33.34 ಬರುತ್ತೆ.

240ಕ್ಕೆ ಒಂದು ಕೊರತೆ ಇತ್ತು, 7ರಿಂದ ಭಾಗ ಆಗಲ್ಲ. ಗಿನಿ ಅನ್ನೋ ಇನ್ನೊಂದು ಲೆಕ್ಕದಲ್ಲಿ ಅದೂ ಆಗುತ್ತೆ. ಗಿನಿ ಅಂದರೆ 21 ಶಿಲ್ಲಿಂಗ್, ವಾರಕ್ಕೆ ಒಂದು ಗಿನಿ ಅಂದರೆ ದಿನಕ್ಕೆ 3 ಶಿಲ್ಲಿಂಗ್. ರೇಸ್ ಕುದುರೆಗಳ ಹರಾಜು ಅಲ್ಲಿ ಇವತ್ತಿಗೂ ಗಿನಿಯಲ್ಲೇ ನಡೆಯುತ್ತೆ. ಈಗಿನ ಲೆಕ್ಕಕ್ಕೆ ಒಂದು ಗಿನಿ 1.05 ಪೌಂಡ್. ಕೊಳ್ಳೋನು ಗಿನಿ ಕೊಡ್ತಾನೆ, ಮಾರೋನು ಪೌಂಡ್ ತಗೋತಾನೆ, ನಡುವಿನ 5 ಪೆನ್ಸ್ ಹರಾಜಿನವನ ಕಮಿಷನ್ನು ಅನ್ನೋದು ಅಲ್ಲಿನ ಹಳೇ ಪದ್ಧತಿ. ಇನ್‌ವಾಯ್ಸ್ ಕೂಡ ಬೇಡ ನೋಡಿ.

ಇದೆಲ್ಲ ಸತ್ತುಹೋದ ಬುದ್ಧಿ ಅಂದುಕೊಂಡರೆ ಬ್ರಿಟನ್ನಿನ ಪಬ್ಬಿನಲ್ಲಿ ಡಾರ್ಟ್ಸ್ ಆಡೋರನ್ನ ನೋಡಬೇಕು. 501ರಿಂದ ಶುರು ಮಾಡಿ ಎಸೆದಷ್ಟು ಕಳೀತಾ ಬರಬೇಕು, ಕೊನೇ ಬಾಣ ಡಬಲ್‌ಗೇ ಬಿದ್ದು ಸೊನ್ನೆಗೆ ಮುಗಿಯಬೇಕು. ಮೂರು ಬಾಣದಲ್ಲಿ ಮುಗಿಸಬಹುದಾದ ಅತಿ ದೊಡ್ಡ ಮೊತ್ತ 170. ಆದರೆ 169, 168, 166, 165, 163, 162, 159 ಇವು ಮೂರು ಬಾಣದಲ್ಲಿ ಮುಗಿಯಲ್ಲ. ಕಾಲೇಜು ಮೆಟ್ಟಿಲು ಹತ್ತದವರಿಗೂ ಈ ಪಟ್ಟಿ ನಾಲಿಗೆ ತುದಿಯಲ್ಲಿ. 2025ರ ಜನವರಿಯಲ್ಲಿ ವಿಶ್ವ ಚಾಂಪಿಯನ್ ಆದ ಲ್ಯೂಕ್ ಲಿಟ್ಲರ್‌ಗೆ ಆಗಿನ್ನೂ 17 ವರ್ಷ. ಕಣ್ಣು ಮಿಟುಕಿಸೋದರೊಳಗೆ ಕಳೆಯೋ ಲೆಕ್ಕ ಮುಗಿಸಿ ಮುಂದಿನ ಬಾಣ ಎಸೀತಿದ್ದ.

ಈ ಆಟದವರಿಗೆ 32 ಉಳಿದರೆ ಬಹಳ ಖುಷಿ. ಯಾಕೆ ಅಂದರೆ, ಡಬಲ್ 16ಕ್ಕೆ ಗುರಿ ಇಟ್ಟು ತಪ್ಪಿ ಒಳಗಿನ ಸಿಂಗಲ್ 16ಕ್ಕೆ ಬಿದ್ದರೆ 16 ಉಳಿಯುತ್ತೆ. ಅದಕ್ಕೆ ಡಬಲ್ 8, ಅದು ಬೋರ್ಡಿನಲ್ಲಿ ಪಕ್ಕದಲ್ಲೇ ಇದೆ. ಮತ್ತೆ ತಪ್ಪಿದರೆ ಡಬಲ್ 4, ಆಮೇಲೆ 2, ಆಮೇಲೆ 1. 40 ಉಳಿದರೆ ಹಾಗಲ್ಲ. 20, 10 ಆಗಿ 5ಕ್ಕೆ ಬಂದು ಬೆಸದಲ್ಲಿ ಸಿಕ್ಕಿಹಾಕಿಕೊಳ್ತೀರಿ. ಅರ್ಧ, ಅರ್ಧದ ಅರ್ಧ, ಅದರ ಅರ್ಧ. ಬೈನರಿ ಅಂತ ಹೆಸರಿಟ್ಟು ನಾವು ಸಂಬಳ ತಗೊಳ್ಳೋದು ಇದಕ್ಕೇ. ಅವರು ಬಿಯರ್ ಕುಡೀತಾ ಮಾಡ್ತಾರೆ.

ಹಾಗಂತ ಹಳೇದೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಬ್ರಿಟಿಷರು ಇವತ್ತಿಗೂ ಮೈತೂಕ ಹೇಳೋ ಸ್ಟೋನ್ ಅಂದರೆ 14 ಪೌಂಡ್, ಇದು ಯಾವ ಸೀಮೆಯ ಸಂಖ್ಯೆ? ಪೌಂಡ್ ಶಿಲ್ಲಿಂಗ್ ಪೆನ್ನಿಯಲ್ಲಿ ಬಡ್ಡಿ ಲೆಕ್ಕ ಹಾಕೋದು ಗುಮಾಸ್ತರ ಕರ್ಮ. 1971ರ ಬದಲಾವಣೆ ಆಗಲೇಬೇಕಿತ್ತು. ಈಗ ಅಲ್ಲಿ ಪೆಟ್ರೋಲ್ ಮಾರೋದು ಲೀಟರಿನಲ್ಲಿ, ಮೈಲೇಜ್ ಹೇಳೋದು ಗ್ಯಾಲನ್ನಿಗಿಷ್ಟು ಮೈಲಿ ಅಂತ. ನಗೋದಿದ್ದರೆ ಇದಕ್ಕೆ ನಗಿ, ನಾನೂ ಕೂತು ನಗ್ತೀನಿ. 2022ರಲ್ಲಿ ಅಲ್ಲಿನ ಸರ್ಕಾರ ಪೌಂಡು ಔನ್ಸುಗಳನ್ನ ಮತ್ತೆ ಅಂಗಡಿಗೆ ತರೋಣವೇ ಅಂತ ಜನರನ್ನ ಕೇಳಿತ್ತು, ದೇಶದ ಹೆಮ್ಮೆ ಅನ್ನೋ ರಾಗದಲ್ಲಿ. ಉತ್ತರಿಸಿದವರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಜನ ಮೆಟ್ರಿಕ್ಕೇ ಇರಲಿ ಅಂದರು. ಸರಿಯಾಗೇ ಹೇಳಿದರು. ಒಬ್ಬರು ಹಳೇ ಅಳತೆಯನ್ನ ಜೋಕು ಮಾಡ್ತಾರೆ, ಇನ್ನೊಬ್ಬರು ಬಾವುಟ ಮಾಡ್ತಾರೆ. ಅದನ್ನ ಬಳಸಿ ಬದುಕಿದವರಿಗೆ ತಲೆ ಇತ್ತು ಅನ್ನೋದು ಮಾತ್ರ ಇಬ್ಬರಿಗೂ ಬೇಡ.

ತಲೆ ಇದ್ದ ಒಬ್ಬರ ಹೆಸರು ಹೇಳ್ತೀನಿ, ಎಡ್ಮಂಡ್ ಗುಂಟರ್. ಪಾದ್ರಿ ಮತ್ತು ಗಣಿತಜ್ಞ. 1620ರಲ್ಲಿ ಜಮೀನು ಅಳೆಯೋಕೆ 66 ಅಡಿಯ ಒಂದು ಸರಪಳಿ ಮಾಡಿ ಅದಕ್ಕೆ 100 ಕೊಂಡಿ ಇಟ್ಟರು. ಎಕರೆ ಅಂದರೆ 220 ಗಜ ಉದ್ದ, 22 ಗಜ ಅಗಲದ ಪಟ್ಟಿ, ಎತ್ತು ಕಟ್ಟಿ ಒಂದು ದಿನಕ್ಕೆ ಉಳೋವಷ್ಟು ನೆಲ. ಗುಂಟರ್ ಸರಪಳಿಯಲ್ಲಿ ಅಳೆದರೆ ಅದು 10 ಚದರ ಸರಪಳಿ. ರೈತನ ಎಕರೆಯನ್ನ ಮುಟ್ಟಲಿಲ್ಲ, ಅದರೊಳಗೇ ದಶಮಾಂಶ ಕೂರಿಸಿದರು. ಕ್ರಿಕೆಟ್ ಪಿಚ್ಚಿನ 22 ಗಜವೂ ಅದೇ ಒಂದು ಸರಪಳಿ. ಅದರ ಅರ್ಧ 33 ಅಡಿ. 33 × 33 ಅಂದರೆ 1,089 ಚದರಡಿ. ಈ ಸಂಖ್ಯೆ ಎಲ್ಲೋ ಕೇಳಿದ ಹಾಗಿದೆಯಾ? ನೀವು ವೀಕೆಂಡಿಗೆ ಊರಾಚೆ ಹೋಗಿ ನೋಡಿಕೊಂಡು ಬರ್ತೀರಲ್ಲ, ಅದೇ ಒಂದು ಗುಂಟೆ. 40 ಗುಂಟೆಗೆ ಎಕರೆ, ಗುಂಟೆಗೆ 16 ಆಣೆ.

ಆಣೆ ಅಂದ ತಕ್ಷಣ ನಮ್ಮ ಆಫೀಸಿನಲ್ಲಿ ಮತ್ತೆ ನಗು. 1957ರ ಏಪ್ರಿಲ್ 1ರವರೆಗೆ ನಮ್ಮ ರೂಪಾಯಿಯಲ್ಲಿ 16 ಆಣೆ, 64 ಪೈಸೆ ಇತ್ತು. ಆಮೇಲೆ ನಯಾಪೈಸೆ ಬಂತು, ಆದರೂ ನಮ್ಮೂರಿನವರು 25 ಪೈಸೆಯನ್ನ ನಾಲ್ಕಾಣೆ ಅಂತಲೇ ಕರೆದರು, 2011ರಲ್ಲಿ ಆ ನಾಣ್ಯವೇ ನಿಂತುಹೋಗೋವರೆಗೂ. "ಹಳ್ಳಿಯವರು ಅಪ್‌ಡೇಟ್ ಆಗಲ್ಲ" ಅಂತ ಇದಕ್ಕೆ ವ್ಯಾಖ್ಯಾನ ಕೇಳಿದ್ದೀನಿ. ಹೇಳಿದವನು ದಿನವಿಡೀ ಹೆಕ್ಸಾಡೆಸಿಮಲ್‌ನಲ್ಲಿ ಮೆಮೊರಿ ಅಡ್ರೆಸ್ ಓದೋ ಮನುಷ್ಯ. 64 ಬಿಟ್, 16 ಜಿಬಿ, 1024 ಇವೆಲ್ಲ ಇಂಜಿನಿಯರಿಂಗ್. ನಮ್ಮಜ್ಜಿಯ 16 ಆಣೆ, 64 ಪೈಸೆ, ಸೇರು, ಅರ್ಧ ಸೇರು, ಪಾವು ಮಾತ್ರ ಗಮಾರತನ. ಅಜ್ಜಿ ಶಾಲೆ ಕಂಡವಳಲ್ಲ. ಸಂತೆಯಲ್ಲಿ ಮುಕ್ಕಾಲು ಸೇರಿನ ಬೆಲೆ ಹೇಳೋಕೆ ಅರ್ಧ ಮಾಡಿ, ಅದರ ಅರ್ಧವನ್ನ ಅದಕ್ಕೇ ಸೇರಿಸಿ, ಸೆರಗಿನ ಗಂಟು ಬಿಚ್ಚೋದರೊಳಗೆ ಮುಗಿಸ್ತಿದ್ದಳು. ಇಂಟರ್‌ವ್ಯೂನಲ್ಲಿ ಯಾರಾದರೂ ಹೀಗೆ ಮಾಡಿದರೆ ನಾವು ಬಿಟ್ ಶಿಫ್ಟ್ ಅಂತ ಕರೆದು ಮಾರ್ಕ್ಸ್ ಕೊಡ್ತೀವಿ.

ಲಂಡನ್ನಿಗೆ ಆನ್‌ಸೈಟ್ ಹೋದವರೆಲ್ಲ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಲ್ಲಿ ಕ್ಯೂ ನಿಂತು, ಗೋಡೆಯೊಳಗೆ ಅರ್ಧ ಹೊಕ್ಕ ತಳ್ಳುಗಾಡಿ ಹಿಡಿದು, ಪ್ಲಾಟ್‌ಫಾರಂ 9¾ ಅನ್ನೋ ಬೋರ್ಡಿನ ಕೆಳಗೆ ಫೋಟೋ ತೆಗೆಸಿಕೊಂಡು ಬರ್ತಾರೆ. ವಾಪಸ್ ಬರುವಾಗ ಮಕ್ಕಳಿಗೆ ಅದೇ ಬರೆದಿರೋ ಟೀ ಶರ್ಟು. ಆ ಟೀ ಶರ್ಟಿನ ಮೇಲೆ ಏನು ಬರೆದಿದೆ, ಕನ್ನಡದಲ್ಲಿ ಓದು ಪುಟ್ಟಾ ಅಂತ ಒಂದು ಸಲ ಕೇಳಿ ನೋಡಿ. ಮಗು ಬಿಡಿ, ಅಪ್ಪನನ್ನೇ ಕೇಳಿ.