ಸೈಬರ್ ಬೀಗದ ಹಿಂದಿರುವ ಗಣಿತ

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ಮನೆಮನೆಗಳಲ್ಲಿ ನಡೆಯುವ ಸಮಾಲೋಚನೆಯಲ್ಲಿ ಗಣಿತದ ಬಿ.ಎಸ್ಸಿ. ಎಂಬ ಮಾತು ಬರುವುದು ಕಟ್ಟಕಡೆಗೆ. ಎಂಜಿನಿಯರಿಂಗ್ ಸೀಟು ದೊರೆಯದವರ ಅನಿವಾರ್ಯ ಆಯ್ಕೆ ಅದು ಎಂಬ ಭಾವನೆ ನಮ್ಮ ಮಧ್ಯಮವರ್ಗದಲ್ಲಿ ಬೇರೂರಿದೆ. ಗಣಿತ ಓದಿದರೆ ಮೇಷ್ಟರಾಗಬಹುದು, ಮತ್ತೇನು ಎಂದು ಕೇಳುವವರಿಗೆ ಇಂದು ಗಟ್ಟಿಯಾದ ಉತ್ತರವೊಂದಿದೆ: ಗಣಿತದಲ್ಲಿ ಪದವಿ, ಅದರ ಮೇಲೆ ಸೈಬರ್ ಭದ್ರತೆಯಲ್ಲಿ ಸ್ನಾತಕೋತ್ತರ ಪದವಿ. ಆದರೆ ಈ ಜೋಡಿ ಫಲ ಕೊಡಬೇಕಾದರೆ ಎರಡು ಪದವಿಗಳೂ ತಮ್ಮ ಪಾಲಿನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಬೇಕು.

ಈ ನಂಟು ಹೊಸದಲ್ಲ. 1929ರಲ್ಲಿ ಪೋಲೆಂಡಿನ ಸೇನೆ ಪೋಜ್ನಾನ್ ವಿಶ್ವವಿದ್ಯಾಲಯದ ಗಣಿತ ವಿದ್ಯಾರ್ಥಿಗಳಿಗೆ ಗೂಢಲಿಪಿ ಶಾಸ್ತ್ರದ ಪಾಠ ಏರ್ಪಡಿಸಿತು. ಅವರಲ್ಲೊಬ್ಬನಾದ ಮರಿಯನ್ ರೆಯೆವ್‌ಸ್ಕಿ 1932ರ ಕೊನೆಯ ಹೊತ್ತಿಗೆ ಜರ್ಮನಿಯ ಎನಿಗ್ಮಾ ಯಂತ್ರದ ಒಳಗುಟ್ಟನ್ನು ಬಿಡಿಸಿದ. ಫ್ರೆಂಚ್ ಗೂಢಚಾರರು ಒದಗಿಸಿದ ದಾಖಲೆಗಳು ಅವನ ಮುಂದಿದ್ದವು. ಅವುಗಳಿಗೆ ಅರ್ಥ ತಂದುಕೊಟ್ಟದ್ದು ಕ್ರಮಯೋಜನೆಗಳ ಗಣಿತ.

1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಆಡ್ಲ್‌ಮನ್ ರೂಪಿಸಿದ ಆರ್‌ಎಸ್‌ಎ ವಿಧಾನ ನಿಂತಿರುವುದೂ ಸಂಖ್ಯಾಶಾಸ್ತ್ರದ ಮೇಲೆಯೇ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ; ಗುಣಲಬ್ಧವೊಂದನ್ನೇ ಕೊಟ್ಟು ಅವುಗಳನ್ನು ಹುಡುಕೆಂದರೆ ಗಣಕಯಂತ್ರವೂ ಸೋಲುತ್ತದೆ. ಇದರಲ್ಲಿ ಖಾಸಗಿ ಕೀಲಿಯನ್ನು ಕಂಡುಹಿಡಿಯುವ ಲೆಕ್ಕವು ಆರ್ಯಭಟ ನಿರೂಪಿಸಿದ ಕುಟ್ಟಕದ ಜಾತಿಗೆ ಸೇರಿದ್ದು. ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಲ್ಲಿಯೂ ಕುಟ್ಟಕದ ವಿವರಣೆಯಿದೆ. ಉಪಯೋಗವಿಲ್ಲದ್ದೆಂದು ಕಾಣುವ ಗಣಿತ ಯಾವ ಶತಮಾನದಲ್ಲಿ ಕೆಲಸಕ್ಕೆ ಬರುವುದೋ ಹೇಳಲಾಗದು.

ಇದಕ್ಕೆ ಇತ್ತೀಚಿನ ನಿದರ್ಶನವೂ ಇದೆ. 2022ರಲ್ಲಿ 'ಸೈಕ್' ಎಂಬ ಗೂಢಲಿಪಿ ವಿಧಾನ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಆಯ್ಕೆಯ ನಾಲ್ಕನೆಯ ಸುತ್ತಿನಲ್ಲಿತ್ತು. ಅದೇ ವರ್ಷ ಬೆಲ್ಜಿಯಂನ ಕ್ಯಾಸ್ಟ್ರಿಕ್ ಮತ್ತು ಡೆಕ್ರು ಎಂಬ ಸಂಶೋಧಕರು ಅದರ ಒಂದು ರೂಪವನ್ನು ಸಾಧಾರಣ ಗಣಕದಲ್ಲಿ ಸುಮಾರು ಒಂದು ಗಂಟೆಯಲ್ಲಿ ಭೇದಿಸಿದರು. ಅವರು ಬಳಸಿದ ಆಯುಧ, ಅರ್ನ್‌ಸ್ಟ್ ಕಾನಿ ಎಂಬ ಗಣಿತಜ್ಞರು 1997ರಲ್ಲಿ ಪ್ರಕಟಿಸಿದ ಶುದ್ಧ ಗಣಿತದ ಪ್ರಮೇಯ. ಯಾವ ಭದ್ರತಾ ತಂತ್ರಾಂಶವೂ ಆ ಬಿರುಕನ್ನು ತೋರಿಸಿಕೊಡುತ್ತಿರಲಿಲ್ಲ.

ಇಂಥ ಕಣ್ಣುಳ್ಳವರ ಅಗತ್ಯ ಈಗ ಹೆಚ್ಚಿದೆ. ಪ್ರಬಲ ಕ್ವಾಂಟಂ ಗಣಕ ಸಿದ್ಧವಾದರೆ ಆರ್‌ಎಸ್‌ಎ ಉಳಿಯದೆಂದು ಪೀಟರ್ ಶೋರ್ 1994ರಲ್ಲಿಯೇ ತೋರಿಸಿದ್ದಾರೆ. ಅದನ್ನು ಎದುರಿಸಬಲ್ಲ ಮೊದಲ ಮೂರು ಮಾನಕಗಳು 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಪ್ರಕಟವಾದವು. ಇಂದು ಕದ್ದಿಟ್ಟ ಗೂಢ ದಾಖಲೆಯನ್ನು ನಾಳೆ ಓದಬಹುದಾದ್ದರಿಂದ ಬ್ಯಾಂಕುಗಳೂ ಸರ್ಕಾರಗಳೂ ಬೀಗ ಬದಲಿಸಲೇಬೇಕು. ಹೊಸ ಬೀಗವನ್ನು ಅರಿತು ಅಳವಡಿಸುವವರು ಯಾರು?

ಹಾಗೆಂದು ಗಣಿತವೊಂದೇ ಸಾಕೆನ್ನುವುದು ಆತ್ಮವಂಚನೆ. ಬಹುತೇಕ ಕಳವುಗಳು ನಡೆಯುವುದು ಗೂಢಲಿಪಿಯನ್ನು ಭೇದಿಸಿ ಅಲ್ಲ. ದುರ್ಬಲ ಪಾಸ್‌ವರ್ಡ್, ದುರಸ್ತಿ ಕಾಣದ ತಂತ್ರಾಂಶ, ವಂಚಕನ ದೂರವಾಣಿ ಕರೆಗೆ ಬೆದರುವ ಮನಸ್ಸು – ಇವೇ ಕಳ್ಳನ ಹೆಬ್ಬಾಗಿಲುಗಳು. 'ಡಿಜಿಟಲ್ ಅರೆಸ್ಟ್' ಹೆಸರಿನಲ್ಲಿ ವೃದ್ಧರ ಉಳಿತಾಯ ದೋಚುವವನಿಗೆ ಅವಿಭಾಜ್ಯ ಸಂಖ್ಯೆಗಳ ಹಂಗಿಲ್ಲ. ಎರಡನೆಯ ಪದವಿ ಬೇಕಾಗುವುದು ಈ ಕಾರಣಕ್ಕಾಗಿಯೇ. ಜಾಲಗಳ ರಚನೆ, ಕಾರ್ಯನಿರ್ವಹಣಾ ವ್ಯವಸ್ಥೆ, ಕಾನೂನು, ಮನುಷ್ಯ ಸ್ವಭಾವ ಇವನ್ನು ಗಣಿತದ ಪದವೀಧರ ಅಲ್ಲಿ ಕಲಿಯಬೇಕು. ಪ್ರೋಗ್ರಾಮಿಂಗ್ ಅನ್ನಂತೂ ಪದವಿಯ ಮೂರು ವರ್ಷಗಳಲ್ಲಿಯೇ ರೂಢಿಸಿಕೊಂಡಿರಬೇಕು.

ಇಲ್ಲಿಯೇ ಪೋಷಕರು ಎಚ್ಚರ ವಹಿಸಬೇಕಾದದ್ದು. ಸೈಬರ್ ಭದ್ರತೆ ಎಂಬ ಫಲಕ ಹೊತ್ತ ಕೋರ್ಸುಗಳೆಲ್ಲ ಒಂದೇ ಅಲ್ಲ. ನಾಲ್ಕಾರು ತಂತ್ರಾಂಶಗಳ ಗುಂಡಿ ಒತ್ತಲು ಕಲಿಸಿ, ಲಕ್ಷಗಟ್ಟಲೆ ಶುಲ್ಕ ಪಡೆಯುವವೂ ಇವೆ. ಆ ತಂತ್ರಾಂಶಗಳು ಹಳತಾದಂತೆ ಪದವಿಯೂ ಹಳತಾಗುತ್ತದೆ. ಪಠ್ಯದಲ್ಲಿ ಗೂಢಲಿಪಿ ಶಾಸ್ತ್ರ, ಸಂಭಾವ್ಯತೆ, ಅಲ್ಗಾರಿದಂ ಇವೆಯೇ, ಸ್ವಂತ ಸಂಶೋಧನಾ ಪ್ರಬಂಧಕ್ಕೆ ಅವಕಾಶವುಂಟೇ ಎಂದು ಹಣ ಕಟ್ಟುವ ಮೊದಲು ವಿಚಾರಿಸಬೇಕು. ಅರ್ಹತೆಯ ತೊಡಕೂ ಇದೆ. ಬಹಳಷ್ಟು ಎಂ.ಟೆಕ್. ಕೋರ್ಸುಗಳು ಬಿ.ಇ. ಅಥವಾ ಎಂ.ಎಸ್ಸಿ. ಕೇಳುತ್ತವೆ, ವಿದೇಶದ ಕೆಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷಗಳ ಪದವಿ ಬಯಸುತ್ತವೆ. 2024–25ರಿಂದ ಕರ್ನಾಟಕ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿರುವುದರಿಂದ ನಮ್ಮ ವಿದ್ಯಾರ್ಥಿಗಳು ಇದನ್ನು ಮೊದಲೇ ತಿಳಿದಿರಬೇಕು.

ವಿಶ್ವವಿದ್ಯಾಲಯಗಳ ಹೊಣೆಯೂ ಚಿಕ್ಕದಲ್ಲ. ಗಣಿತದ ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಮತ್ತು ಗೂಢಲಿಪಿಗೆ ಒಂದು ಐಚ್ಛಿಕ ಪತ್ರಿಕೆಯನ್ನು ಇಡಲು ಹೊಸ ಕಟ್ಟಡವಾಗಲಿ ದುಬಾರಿ ಪ್ರಯೋಗಾಲಯವಾಗಲಿ ಬೇಕಿಲ್ಲ. ಸೈಬರ್ ಭದ್ರತೆಯ ಎಂ.ಎಸ್ಸಿ.ಯ ಬಾಗಿಲನ್ನು ಗಣಿತ ಪದವೀಧರರಿಗೂ ತೆರೆದು, ಒಂದು ಸೇತುಬಂಧ ಅವಧಿ ಏರ್ಪಡಿಸಿದರೆ ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ಹುಡುಗಿಯೂ ಈ ದಾರಿ ಹಿಡಿಯಬಲ್ಲಳು. ಎಂಜಿನಿಯರಿಂಗ್ ಶುಲ್ಕ ಭರಿಸಲಾರದ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ.

ಗಣಿತ ಕಲಿಸುವುದು ಒಂದು ಅಭ್ಯಾಸವನ್ನು: ಸಾಧಿಸಿ ತೋರಿಸದ ಹೊರತು ಯಾವುದನ್ನೂ ನಂಬದಿರುವುದು. ಭದ್ರತೆಯ ಕಸುಬಿನ ಮೊದಲ ಪಾಠವೂ ಅದೇ. ಮುಂದಿನ ಫಲಿತಾಂಶದ ದಿನ ಮಗಳು ಗಣಿತ ಓದುವೆನೆಂದರೆ, ಬೇಡವೆನ್ನುವ ಮೊದಲು ತಂದೆತಾಯಿ ಒಂದು ಗಳಿಗೆ ಯೋಚಿಸಲಿ.