ಹೃದಯ ಮತ್ತು ಆಕರಕೋಶ: ಅಧ್ಯಯನಕ್ಕೆ ನೆರವಾಗಿ, ಜಾಹೀರಾತಿಗೆ ಮರುಳಾಗಬೇಡಿ

ಸ್ಟೆಮ್ ಸೆಲ್ ಅಂದರೆ ಆಕರಕೋಶದ ಮಾತೆತ್ತಿದರೆ ಕೆಲವರು, 'ಭ್ರೂಣವನ್ನು ನಾಶ ಮಾಡಿ ತೆಗೆಯುವುದಲ್ಲವೇ?' ಎಂದು ಹಿಂಜರಿಯುತ್ತಾರೆ. ಇನ್ನು ಕೆಲವರು, 'ಅದರಿಂದ ಹೃದಯ ಹೊಸದಾಗುತ್ತದಂತೆ' ಎಂದು ಸಾಲ ಮಾಡಿಯಾದರೂ ಚಿಕಿತ್ಸೆಗೆ ಓಡುತ್ತಾರೆ. ಇಬ್ಬರೂ ಮೊದಲು ವಿಷಯ ತಿಳಿದುಕೊಳ್ಳಬೇಕು.

ಮನುಷ್ಯ ಭ್ರೂಣದಿಂದ ಪಡೆದ ಆಕರಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದು 1998ರಲ್ಲಿ. ಭ್ರೂಣದ ಅಗತ್ಯವೇ ಇಲ್ಲದ ದಾರಿಯನ್ನು ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಶಿನ್ಯಾ ಯಮನಾಕ ತೋರಿಸಿಕೊಟ್ಟರು. ನಾಲ್ಕು ಜೀನ್‌ಗಳನ್ನು ಸೇರಿಸಿ ಅವರು 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಗಳನ್ನು ಆಕರಕೋಶಗಳಂತೆ ಮಾಡಿದರು. 2012ರಲ್ಲಿ ಅವರಿಗೆ ನೊಬೆಲ್ ಬಂತು.

ಬದುಕಿರುವ ರೋಗಿಯ ಹೃದಯದ ತುಂಡು ತೆಗೆದು ಪರೀಕ್ಷಿಸುವುದು ಸುಲಭವಲ್ಲ. ಈ ವಿಧಾನದಲ್ಲಿ ರೋಗಿಯ ಸ್ವಲ್ಪ ರಕ್ತ ಸಾಕು. ಅದರಿಂದ ಹೃದಯದ ಸ್ನಾಯುಕೋಶಗಳನ್ನೂ ರಕ್ತನಾಳದ ಒಳಪದರದ ಕೋಶಗಳನ್ನೂ ಬೆಳೆಸಬಹುದು. ಆ ಸ್ನಾಯುಕೋಶಗಳು ತಟ್ಟೆಯಲ್ಲೇ ಮಿಡಿಯುತ್ತವೆ. ರೋಗಿಯ ಜೀನ್ ದೋಷ ಅವುಗಳಲ್ಲೂ ಇರುವುದರಿಂದ ಕಾಯಿಲೆ ಹೇಗೆ ಶುರುವಾಗುತ್ತದೆ, ಯಾವ ಔಷಧ ಹಾನಿ ಮಾಡುತ್ತದೆ ಎಂದು ನೋಡಬಹುದು.

ಇದು ನಮಗೆ ಏಕೆ ಮುಖ್ಯ? ಭಾರತ ಉಪಖಂಡದ ಸುಮಾರು 4 ಶೇಕಡಾ ಜನರಲ್ಲಿ ಹೃದಯಸ್ನಾಯುವಿನ ಒಂದು ಜೀನ್‌ನಲ್ಲಿ ಲೋಪವಿದ್ದು, ಅದಕ್ಕೂ ಹೃದಯಸ್ನಾಯುವಿನ ಕಾಯಿಲೆಗೂ ನಂಟಿದೆ ಎಂದು 2009ರ ಅಧ್ಯಯನವೊಂದು ತಿಳಿಸಿತು. ಪರದೇಶದವರ ಕೋಶಗಳನ್ನಷ್ಟೇ ಪರೀಕ್ಷಿಸಿದರೆ ನಮ್ಮ ಮನೆಯ ಕಾಯಿಲೆ ಅರ್ಥವಾಗದು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಇಂಥ ಅಧ್ಯಯನ ನಡೆಯುತ್ತಿದೆ. ಆದ್ದರಿಂದ ಸಂಶೋಧನೆಗೆಂದು ನಿಮ್ಮ ರಕ್ತ ಕೇಳಿದರೆ ಹೆದರಿ ಬೇಡವೆನ್ನಬೇಡಿ. ಆದರೆ ಕೇಳಿ ತಿಳಿದುಕೊಳ್ಳಿ: ಯಾವುದಕ್ಕೆ ಬಳಸುತ್ತೀರಿ? ಹೆಸರು ಗುಟ್ಟಾಗಿರುತ್ತದೆಯೇ? ಮುಂದೆ ಬೇಡವೆನಿಸಿದರೆ ಹಿಂದೆ ಸರಿಯಬಹುದೇ? ಒಪ್ಪಿಗೆ ಪತ್ರವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಓದಿಸಿಕೊಂಡೇ ಸಹಿ ಹಾಕಿ.

ಚಿಕಿತ್ಸೆಯ ಮಾತೇ ಬೇರೆ. ತಟ್ಟೆಯಲ್ಲಿ ಬೆಳೆದ ಕೋಶಗಳು ಎಳೆಯವು. ವಯಸ್ಕರ ಹೃದಯದ ಬಲ ಅವಕ್ಕಿಲ್ಲ. ಅನುಮತಿ ಪಡೆದ ಪ್ರಯೋಗದ ಹೊರಗೆ ಹೃದ್ರೋಗಕ್ಕೆ ಆಕರಕೋಶ ಕೊಡಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. 'ಇಂಜೆಕ್ಷನ್‌ನಿಂದ ಹೃದಯ ಸರಿಯಾಗುತ್ತದೆ' ಎನ್ನುವವರ ಕೈಗೆ ಮಗಳ ಮದುವೆಗೆ ಕೂಡಿಟ್ಟ ಹಣವನ್ನು ಕೊಡಬೇಡಿ.

ನಿಮ್ಮ ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ಹೃದಯ ನಿಂತು ತೀರಿಕೊಂಡಿದ್ದರೆ, ಅವರ ಮಕ್ಕಳು ಮತ್ತು ಒಡಹುಟ್ಟಿದವರಿಗೆ ಇಸಿಜಿ, ಎಕೋ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಹಣ ಖರ್ಚು ಮಾಡುವುದಿದ್ದರೆ ಮೊದಲು ಅದಕ್ಕೆ ಮಾಡಿ.